ಕುನಿಯೆ ಅಕ್ಕನ ಅಂಗಡಿಯಲ್ಲಿ ಎರಡು ಬಿಯರ್

ಕುನಿಯೆ ಅಕ್ಕನ ಅಂಗಡಿಯಲ್ಲಿ ಬೇರೆ ಬಿಯರ್ ಕೇಳಿದವನು, ಬುದ್ಧಿಯಿದ್ದರೆ, ಎರಡನೇ ಸಲ ಕೇಳುತ್ತಿರಲಿಲ್ಲ. ಒಸಾಕಾ ಕಡೆಯಿಂದ ಬಂದಿದ್ದ ಯಂತ್ರದೆಣ್ಣೆ ಮಾರುವವನೊಬ್ಬ ನನ್ನೆದುರಿಗೇ ಕೇಳಿಬಿಟ್ಟ.

“ಬೇರೆ ಯಾವ್ದಾದ್ರೂ ಇಟ್ಟಿದ್ದೀರಾ ಅಮ್ಮಾ?”

“ಇಲ್ದೆ ಏನಪ್ಪಾ, ಸುವಾ ಕೆರೆ ನೀರಿದೆ. ಈ ಚಳೀಲಿ ತಣ್ಣಗೂ ಇರುತ್ತೆ, ಕಾಸೂ ಕೊಡೋದು ಬೇಡ,” ಎಂದಳು ಅಕ್ಕ, ಬಾಣಲೆಯಿಂದ ಕಣ್ಣೆತ್ತದೆ.

ಪಾಪ, ಅವನು ಇದ್ದದ್ದನ್ನೇ ಕುಡಿದ. ಲೋಟ ಖಾಲಿಯಾದ ಮೇಲೆ ಬಾಟಲಿ ಎತ್ತಿಕೊಂಡು ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳಲು ಹೊರಟ. ಅಷ್ಟರಲ್ಲಿ ಅಕ್ಕ ಮೀನು ಮಗುಚುವ ಉದ್ದನೆಯ ಅಡುಗೆ ಕಡ್ಡಿ ಅವನ ಬೆರಳ ಗೆಣ್ಣಿನ ಮೇಲೆ ಟಪ್ಪೆಂದಿತು. ನಮ್ಮ ಲೋಟಕ್ಕೆ ನಾವೇ ಸುರಿದುಕೊಳ್ಳಬಾರದು. ಪಕ್ಕದವನು ನಮಗೆ ಸುರಿಯಬೇಕು, ನಾವು ಪಕ್ಕದವನಿಗೆ ಸುರಿಯಬೇಕು. ಈ ಪದ್ಧತಿ ನಮ್ಮಲ್ಲಿ ಎಲ್ಲ ಕಡೆಯೂ ಇದೆ. ಬೇರೆ ಅಂಗಡಿಗಳಲ್ಲಿ ಮರೆತರೂ ನಡೆಯುತ್ತದೆ, ಇಲ್ಲಿ ಮಾತ್ರ ನಡೆಯುತ್ತಿರಲಿಲ್ಲ. ನಾನು ಅವನಿಗೆ ಸುರಿದೆ, ಅವನು ನನಗೆ ಸುರಿದ. ಹೋಗುವಾಗ ಅಕ್ಕನಿಗೆ ಎರಡು ಸಲ ತಲೆಬಾಗಿ ಹೋದ.

ನಾನು ಸುಗಿನೊ. ಹೊಶಿಮಿ ಕ್ಯಾಮೆರಾ ಕಾರ್ಖಾನೆಯಲ್ಲಿ ಶಟರ್ ಜೋಡಿಸುತ್ತ ಕಣ್ಣು ಸವೆಸಿದವಳು. ರಸ್ತೆಯ ಆ ಬದಿಗೆ ಕಾರ್ಖಾನೆಯ ಗೇಟು, ಗೇಟಿನ ಗೋಡೆಗೆ ಒರಗಿಕೊಂಡಂತೆ ಅಕ್ಕನ ಅಂಗಡಿ. ಈ ಬದಿಗೆ ನನ್ನ ಮನೆ. ನನಗೂ ಬಾಯಿ ಜೋರು ಎಂಬ ಹೆಸರಿದೆ. ಆದರೆ ಅಕ್ಕನ ಮುಂದೆ ನಾನು ಏನೇನೂ ಅಲ್ಲ.

ಅಕ್ಕನ ತಾಯಿ ಒಕಾಯಾದ ರೇಷ್ಮೆ ಗಿರಣಿಯಲ್ಲಿ ಬಿಸಿನೀರಿಗೆ ಕೈಯಿಟ್ಟು ನೂಲು ತೆಗೆದವಳು. ಗಿರಣಿಗಳು ಮುಚ್ಚಿದವು, ಅದೇ ಜಾಗಗಳಲ್ಲಿ ಗಡಿಯಾರ, ಕ್ಯಾಮೆರಾ ಮಾಡುವ ಕಾರ್ಖಾನೆಗಳು ಎದ್ದವು. ಓದು ಮುಗಿಯುವ ಮೊದಲೇ ಅಕ್ಕ ಹೊಶಿಮಿಯ ಕ್ಯಾಂಟೀನಿಗೆ ಬಂದು ಅನ್ನದ ಹಂಡೆ ಹೊತ್ತಳು. ಮಸೂರ ಉಜ್ಜುವ ವಿಭಾಗದ ಕಿಸುಕೆ ಎಂಬವನು ದಿನಾ ಎರಡನೇ ಸಲ ಸೂಪು ಕೇಳಲು ಬರುತ್ತಿದ್ದ. ಸೂಪಿಗಾಗಿ ಬರುತ್ತಿಲ್ಲವೆಂದು ಇಡೀ ಕ್ಯಾಂಟೀನಿಗೆ ಗೊತ್ತಾಯಿತು. ವಿಭಾಗದ ಮುಖ್ಯಸ್ಥರೇ ನಡುವೆ ನಿಂತು ಮದುವೆ ಮಾಡಿಸಿದರು. ಮಕ್ಕಳಾಗಲಿಲ್ಲ. ಕಿಸುಕೆ ಒಂದು ಬೆಳಿಗ್ಗೆ ಉಜ್ಜುವ ಯಂತ್ರದ ಮುಂದೆಯೇ ಕುಸಿದು ಬಿದ್ದು ತೀರಿಕೊಂಡಾಗ ಅಕ್ಕನಿಗೆ ಇನ್ನೂ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಕಂಪನಿ ಅವಳನ್ನು ಕೈಬಿಡಲಿಲ್ಲ. ಗೇಟಿನ ಪಕ್ಕದ ಹಳೆಯ ಉಗ್ರಾಣವನ್ನು ಬಾಡಿಗೆಗೆ ಕೊಟ್ಟು, “ಸಂಜೆ ಹುಡುಗರಿಗೆ ಏನಾದ್ರೂ ಬಿಸಿ ಮಾಡಿಹಾಕು,” ಎಂದಿತು. ಅಲ್ಲಿಂದ ಶುರುವಾದದ್ದು ಅಂಗಡಿ.

ಯಾವ ಬಿಯರ್ ಇಡಬೇಕೆಂಬ ಮಾತು ಯಾರೂ ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ಹೊಶಿಮಿ ಒಂಟಿ ಕಂಪನಿಯಲ್ಲ, ಮಿನೆಗಾಮಿ ಎಂಬ ಕಂಪನಿಗಳ ದೊಡ್ಡ ಮನೆಯ ಕಿರಿಮಗ. ಆ ಮನೆಯವರೆಲ್ಲ ಕೋಟಿನ ಮೇಲೆ ಪುಟ್ಟ ಬೆಟ್ಟದ ಬಿಲ್ಲೆ ಚುಚ್ಚಿಕೊಳ್ಳುತ್ತಿದ್ದುದರಿಂದ ನಾವು ಅದನ್ನು ಬೆಟ್ಟದ ಮನೆ ಎನ್ನುತ್ತಿದ್ದೆವು. ಆ ಮನೆಯಲ್ಲಿ ಬ್ಯಾಂಕು ಹಿರಿಯಣ್ಣ. ಹಡಗು, ಉಕ್ಕು, ವಿಮೆ, ಗಾಜು, ಬಿಯರು ಎಲ್ಲ ನಡುವಿನ ತಮ್ಮಂದಿರು. ನಮ್ಮ ಮಸೂರದ ಗಾಜು ಗಾಜಿನಣ್ಣನಿಂದ ಬರುತ್ತಿತ್ತು, ಕ್ಯಾಮೆರಾಗಳು ಹಡಗಿನಣ್ಣನ ಹಡಗಿನಲ್ಲಿ ಹೋಗುತ್ತಿದ್ದವು. ಒಬ್ಬರ ಷೇರು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಇರುತ್ತಿದ್ದುದರಿಂದ ಹೊರಗಿನವನು ಬಂದು ಯಾರನ್ನೂ ಕೊಂಡುಕೊಳ್ಳುವ ಹಾಗಿರಲಿಲ್ಲ. ತಿಂಗಳಿಗೊಮ್ಮೆ ಟೋಕಿಯೋದಲ್ಲಿ ಅಣ್ಣತಮ್ಮಂದಿರ ಅಧ್ಯಕ್ಷರೆಲ್ಲ ಸೇರಿ ಊಟ ಮಾಡುತ್ತಿದ್ದರು. ಅಲ್ಲೇನು ಮಾತಾಡುತ್ತಾರೆಂದು ಮಸೂರ ವಿಭಾಗದ ಕಾರಾಸಾವಾನನ್ನು ನಾನೊಮ್ಮೆ ಕೇಳಿದ್ದೆ. “ಹಾವುಮೀನು ಚೆನ್ನಾಗಿ ಬೆಂದಿದ್ಯಾ ಇಲ್ವಾ ಅಂತ. ಇನ್ನೇನು ಮಾತಾಡ್ತಾರೆ, ದೊಡ್ಡೋರು,” ಎಂದಿದ್ದ. ಅವನು ಕಿಸುಕೆಯ ಜೀವದ ಗೆಳೆಯ. ಈಗ ನಾವೆಲ್ಲ ಅವನನ್ನು ಅಜ್ಜ ಎನ್ನುತ್ತೇವೆ.

ಇಂಥ ಮನೆಯಲ್ಲಿ ದುಡಿಯುವವರು ಬೆಟ್ಟದ ಬ್ಯಾಂಕಿನಲ್ಲೇ ಸಂಬಳ ಇಡುತ್ತಾರೆ, ಬೆಟ್ಟದ ಬಿಯರನ್ನೇ ಕುಡಿಯುತ್ತಾರೆ. ಹೊರಗಿನವರಿಗೆ ಇದು ಹುಚ್ಚಾಟವೆನ್ನಿಸಬಹುದು. ಅಂಥವರಿಗೆ ನಾನು ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ಮರುವರ್ಷದ ಸಂಗತಿ ಹೇಳುತ್ತೇನೆ. ಆಗ ನಮ್ಮ ಕ್ಯಾಮೆರಾಗಳನ್ನು ಕೇಳುವವರಿರಲಿಲ್ಲ. ಗೋದಾಮು ತುಂಬಿ, ಪೆಟ್ಟಿಗೆಗಳನ್ನು ಕಾರಿಡಾರಿನಲ್ಲಿ ಪೇರಿಸಿದ್ದರು. ಮುಂದಿನ ತಿಂಗಳು ಗೇಟು ತೆರೆಯುತ್ತದೋ ಇಲ್ಲವೋ ಎಂದು ಹೆಂಗಸರೆಲ್ಲ ಬಚ್ಚಲು ಮನೆಯಲ್ಲಿ ನಿಂತು ಅಳುತ್ತಿದ್ದೆವು. ಆಗ ಬೆಟ್ಟದ ಮನೆಯವರು ತಮ್ಮ ತಮ್ಮ ಕಂಪನಿಗಳಿಗೆಲ್ಲ ಹೇಳಿ ಕಳಿಸಿದರು: ತಮ್ಮನಿಗೆ ಕಷ್ಟ, ಮನೆಗೊಂದು ಹೊಶಿಮಿ ಕೊಳ್ಳಿ.

ಒಂದು ಬೆಳಿಗ್ಗೆ ಬಿಯರ್ ಲಾರಿಯ ಡ್ರೈವರ್ ಕುತ್ತಿಗೆಗೆ ಹೊಚ್ಚಹೊಸ ಹೊಶಿಮಿ ನೇತುಹಾಕಿಕೊಂಡು ಅಕ್ಕನ ಅಂಗಡಿಗೆ ಬಂದ. ನಮ್ಮ ಕೈಯಲ್ಲೇ ತಯಾರಾದ ಕ್ಯಾಮೆರಾ. ಮುಖ ಮಾತ್ರ ಹುಳಿ ಹಿಂಡಿದ ಹಾಗಿತ್ತು.

“ಕೊಂಡಿದ್ದೇನೋ ಕೊಂಡೆ ಅಕ್ಕಾ. ಇದರೊಳಗೆ ರೀಲು ಹಾಕೋದು ಹ್ಯಾಗೆ?”

ಅಕ್ಕನಿಗೂ ಗೊತ್ತಿರಲಿಲ್ಲ. ಕಾರಾಸಾವಾನನ್ನು ಕೂಗಿ ಕರೆದಳು. ಅವನು ರೀಲು ಹಾಕಿಕೊಟ್ಟ. ಡ್ರೈವರ್ ಮೊದಲ ಫೋಟೋ ತೆಗೆದದ್ದು ಅಕ್ಕನದೇ: ಅಂಗಡಿ ಬಾಗಿಲಲ್ಲಿ ಬಿಯರ್ ಕ್ರೇಟಿನ ಮೇಲೆ ಒಂದು ಕಾಲಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ತಲೆಯ ಮೇಲ್ಭಾಗ ಅರ್ಧ ಕತ್ತರಿಸಿ ಹೋಗಿದೆ. ಆ ಫೋಟೋವನ್ನು ಅವಳು ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿದಳು.

“ಫೋಟೋ ತೆಗೆಯೋಕೆ ಬಾರದೋನು ನಮಗೋಸ್ಕರ ಕ್ಯಾಮೆರಾ ಕೊಂಡ ಕಣೇ ಸುಗಿನೊ,” ಎಂದಳು ನನಗೆ. “ಅವನ ಬಿಯರ್ ಬಿಟ್ಟು ಬೇರೆದು ಮಾರಿದ್ರೆ ನನ್ನ ಕೈ ಬಿದ್ದುಹೋಗುತ್ತೆ.”

ಹಾಗೆ ಇಪ್ಪತ್ತೈದು ಚಳಿಗಾಲ ಕಳೆದವು. ಆಮೇಲೆ ಬೆಟ್ಟದ ಮನೆಯೇ ಒಡೆಯಿತು.

ಒಡೆದದ್ದು ಹಿರಿಯಣ್ಣನಿಂದಲೇ. ಬ್ಯಾಂಕು ಯಾರು ಯಾರಿಗೋ ಸಾಲ ಕೊಟ್ಟು ಕೈಸುಟ್ಟುಕೊಂಡಿತ್ತು. ತನ್ನ ತಲೆ ಉಳಿಸಿಕೊಳ್ಳಲು ತಮ್ಮಂದಿರ ಷೇರುಗಳನ್ನು ಒಂದೊಂದಾಗಿ ಮಾರತೊಡಗಿತು. ಹೊಶಿಮಿಯ ಪಾಲನ್ನು ಕೊಂಡದ್ದು ಉಝುಶಿಮಾ ಎಂಬ ಇನ್ನೊಂದು ದೊಡ್ಡ ಮನೆಯ ಎಲೆಕ್ಟ್ರಾನಿಕ್ಸ್ ಕಂಪನಿ. ಅವರಿಗೆ ಅವರದೇ ಬ್ಯಾಂಕು, ಅವರದೇ ಹಡಗು, ಅವರದೇ ಬಿಯರು. ಅವರ ಬಿಲ್ಲೆಯ ಮೇಲೆ ನೀರಿನ ಸುಳಿ. ಒಂದು ಸೋಮವಾರ ಬೆಳಿಗ್ಗೆ ಗೇಟಿನೊಳಗೆ ಹೋಗುವವರ ಕೋಟುಗಳಲ್ಲಿ ಬೆಟ್ಟ ಹೋಗಿ ಸುಳಿ ಬಂದಿತ್ತು. ಬಿಲ್ಲೆ ಬೇರೆ ಅಳತೆಯದು, ಹಳೆಯದರ ತೂತು ಪಕ್ಕದಲ್ಲಿ ಹಾಗೇ ಕಾಣುತ್ತಿತ್ತು. ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಕಿಟಕಿಯಿಂದ ಎಲ್ಲ ನೋಡುತ್ತ ನಿಂತಿದ್ದೆ. ಇಪ್ಪತ್ತೈದು ವರ್ಷ ಅಣ್ಣ ಅಣ್ಣ ಎಂದದ್ದು ಇದಕ್ಕೇನಾ?

ಆ ವಾರವೇ ಆಡಳಿತ ವಿಭಾಗದ ಹಾಸುನುಮಾ ಅಕ್ಕನ ಅಂಗಡಿಗೆ ಬಂದ. ಒಳ್ಳೆಯವನು, ಹೆದರುಪುಕ್ಕಲ. ಕೈಯಲ್ಲಿ ಹುರುಳಿ ಸಿಹಿಯ ಡಬ್ಬಿ ಹಿಡಿದುಕೊಂಡಿದ್ದ. ಆ ಡಬ್ಬಿ ನೋಡಿಯೇ ನನಗೆ ಅನುಮಾನ ಬಂತು.

“ಡಬ್ಬಿ ಆಮೇಲೆ. ಮೊದ್ಲು ವಿಷ ಹೇಳು,” ಎಂದಳು ಅಕ್ಕ.

“ವಿಷ ಏನಿಲ್ಲಮ್ಮಾ... ಈ ಜಾಗ ಕಂಪನಿದಲ್ವಾ. ಈಗ ಉಝುಶಿಮಾ ಅವರ ಜಮೀನು ಕಂಪನಿಗೆ ಸೇರಿದೆ. ಮಾರ್ಚಿಗೆ ಬಾಡಿಗೆ ಕರಾರು ಮುಗಿಯುತ್ತೆ. ಮುಂದುವರಿಸೋಕೆ ಅವರಿಗೇನೂ ಅಡ್ಡಿಯಿಲ್ಲ.”

“ಆದ್ರೆ?”

“ಆದ್ರೆ...” ಹಾಸುನುಮಾ ಕರ್ಚೀಫು ತೆಗೆದು ಹಣೆ ಒರೆಸಿಕೊಂಡ. ಹೊರಗೆ ಹಿಮ ಬೀಳುತ್ತಿತ್ತು. “ಹೊಸ ನಿರ್ದೇಶಕರು ತೊಬಾರಿ-ಸಾನ್ ಇದ್ದಾರಲ್ಲ, ಅವರು ಬರೋ ಶುಕ್ರವಾರ ಸಂಜೆ ಇಲ್ಲಿಗೇ ಬರ್ತಾರೆ. ಹಳಬರ ಮುಖಪರಿಚಯ ಮಾಡ್ಕೊಬೇಕಂತೆ. ಮೇಜಿನ ಮೇಲೆ ಅವರ ಬಿಯರ್ ಇದ್ರೆ... ಅಂದ್ರೆ, ಅವರದೇ ಇದ್ರೆ... ಎಲ್ಲಾ ಸುಸೂತ್ರ ಆಗುತ್ತೆ. ಇಲ್ಲಾಂದ್ರೆ ನಮ್ಮ ಹುಡುಗರು ಈ ಅಂಗಡಿಗೆ ಕಾಲಿಡೋ ಹಾಗಿಲ್ಲ. ನಿಮಗೆ ಗೊತ್ತಲ್ಲ, ಅಮ್ಮಾ.”

“ಗೊತ್ತು ಕಣಪ್ಪ. ನಾನೇ ಅಲ್ವಾ ಇಷ್ಟು ವರ್ಷ ಬೇರೆಯೋರಿಗೆ ಕೆರೆ ನೀರು ತೋರಿಸ್ತಿದ್ದೋಳು,” ಎಂದಳು ಅಕ್ಕ. ಸಿಹಿಯನ್ನು ಅವಳು ಬಿಚ್ಚಿ ಅವನಿಗೇ ಎರಡು ತಿನ್ನಿಸಿ ಕಳಿಸಿದಳು.

ಸುದ್ದಿ ಊರಿನ ಸಾರ್ವಜನಿಕ ಬಚ್ಚಲು ಮನೆ, ಕ್ಷೌರದಂಗಡಿ ದಾಟಿ ನಿವೃತ್ತರ ಕಿವಿಗೆ ಬಿತ್ತು. ಸಂಜೆ ಕಾರಾಸಾವಾ ಅಜ್ಜ ದಂಡು ಕಟ್ಟಿಕೊಂಡು ಬಂದ.

“ನೋಡಮ್ಮಾ ಕುನಿಯೆ, ಆ ಸುಳಿ ಬಿಯರ್ ಬಾಗಿಲ ಒಳಗೆ ಬಂತು ಅಂದ್ರೆ ನಾವು ಬಾಗಿಲ ಹೊರಗೆ. ಹೇಳಿದ್ದೀನಿ.”

“ಹೊರಗೆ ಹೋಗೋಕೆ ಮುಂಚೆ ಬೂಟು ಹಾಕ್ಕೊ. ಹಿಮ ಮೊಣಕಾಲುದ್ದ ಇದೆ.”

“ತಮಾಷೆ ಅಲ್ಲ! ಕಿಸುಕೆ ಇದ್ದಿದ್ರೆ ಏನನ್ನೋನು?”

“ಎರಡನೇ ಸಲ ಸೂಪು ಕೇಳೋನು,” ಎಂದಳು ಅಕ್ಕ. ಆದರೆ ದನಿ ಒಂದಿಷ್ಟು ಸಡಿಲವಾಗಿತ್ತು. ಅದು ನನ್ನ ಕಿವಿಗೆ ಗೊತ್ತಾಯಿತು.

ಅತ್ತ ದರಿ, ಇತ್ತ ಪುಲಿ. ಸುಳಿ ಬಿಯರ್ ಇಡದಿದ್ದರೆ ಮಾರ್ಚಿಗೆ ಅಂಗಡಿಯಿಲ್ಲ. ಅದನ್ನೊಂದೇ ಇಟ್ಟರೆ ಅಂಗಡಿ ಇರುತ್ತದೆ, ಅದರಲ್ಲಿ ಕೂರುತ್ತಿದ್ದ ಹಳಬರಿರುವುದಿಲ್ಲ. ಎಲ್ಲರೂ ಹೋದ ಮೇಲೆ ನಾನು ಪಾತ್ರೆ ಒರೆಸಿಕೊಡುತ್ತ ನನಗೆ ತೋಚಿದ್ದೆಲ್ಲ ಹೇಳಿದೆ.

“ಬಿಯರೇ ಬೇಡ ಅಕ್ಕಾ. ಬರೀ ಅಕ್ಕಿ ಹೆಂಡ ಇಡು. ಈ ಊರಿನ ಭಟ್ಟಿಗೆ ಬೆಟ್ಟವೂ ಇಲ್ಲ, ಸುಳಿಯೂ ಇಲ್ಲ.”

“ನಾನೇನು ಕದ್ದು ಸಿಕ್ಕಿಬಿದ್ದಿದ್ದೀನಾ, ಇದ್ದದ್ದನ್ನ ಬಚ್ಚಿಡೋಕೆ?”

“ಹಾಗಾದ್ರೆ ಬಾಟಲಿಗೆಲ್ಲ ಬಟ್ಟೆ ಸುತ್ತು. ಯಾವುದು ಯಾರದು ಅಂತ ಕಾಣ್ಬಾರ್ದು.”

“ಮುಸುಕು ಹೊದ್ದ ಮದುವೆ ಹೆಣ್ಣಿನ ಹಾಗಾ? ಹೋಗೆ ಅತ್ಲಾಗೆ,” ಎಂದು ನಕ್ಕಳು. ಆಮೇಲೆ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಗೋಡೆಯ ಫೋಟೋ ಕಡೆ ನೋಡಿದಳು. “ಕೇಳು ಸುಗಿನೊ. ಒಳಗೆ ದುಡೀತಿರೋ ಹುಡುಗರು ಈಗ ಸುಳಿ ಮನೆ ಅನ್ನ ತಿಂತಿದ್ದಾರೆ. ಅವರೇನು ತಪ್ಪು ಮಾಡಿದ್ರು? ಈ ಮುದುಕರು ಬೆಟ್ಟದ ಮನೆ ಅನ್ನ ತಿಂದೋರು. ಇವರೇನು ತಪ್ಪು ಮಾಡಿದ್ರು? ಕೋಣ ಎರಡು ಹೋರಿದ್ರೆ ಗಿಡ ಯಾಕೆ ಸಾಯ್ಬೇಕು? ನನ್ನ ಅಂಗಡಿಗೆ ಅವರೂ ಬರ್ಬೇಕು, ಇವರೂ ಬರ್ಬೇಕು. ಒಬ್ಬರನ್ನೂ ಬಿಡಲ್ಲ ನಾನು.”

“ಅದ್ಹ್ಯಾಗೆ ಸಾಧ್ಯ?”

“ಬಿಯರ್ ಯಾರದು ಅನ್ನೋದು ಅವರ ಕಾನೂನು. ಸುರಿಯೋದು ಯಾರು ಅನ್ನೋದು ನನ್ನ ಕಾನೂನು.”

ಶುಕ್ರವಾರ ಬಂತು. ಅಕ್ಕ ಬೆಳಿಗ್ಗೆಯೇ ಕೆರೆಯ ಸಣ್ಣ ಮೀನು ತರಿಸಿ, ಹಿಟ್ಟಿನಲ್ಲಿ ಅದ್ದಿ ಕರಿಯಲು ಅಣಿಮಾಡಿಕೊಂಡಿದ್ದಳು. ಉಪ್ಪು ಹಾಕಿದ ಸಾಸಿವೆ ಸೊಪ್ಪು, ಮೂಲಂಗಿ ಬೇಯಿಸಿದ ಸಾರು, ಎಲ್ಲ ಇತ್ತು. ಹಳಬರೂ ಬಂದಿದ್ದರು. ಬರುವುದಿಲ್ಲ ಎಂದವರನ್ನು ಹೇಗೆ ಕರೆತಂದಳೋ! ಕಾರಾಸಾವಾ ಅಜ್ಜನ ಮನೆಗೆ ಅವಳೇ ಹೋಗಿ, “ನೀನು ಅವರ ಬಿಯರ್ ಒಂದು ಹನಿ ಕುಡೀಬೇಡ. ಬಂದು ಕೂತ್ಕೊ ಅಷ್ಟೇ. ಬರ್ಲಿಲ್ಲ ಅಂದ್ರೆ ಹೆದರಿದ ಅಂತ ಊರಿಗೆಲ್ಲ ಹೇಳ್ತೀನಿ,” ಎಂದಿದ್ದಳಂತೆ.

ಉದ್ದ ಮೇಜಿಗೆ ಹಳಬನೊಬ್ಬ, ಉಝುಶಿಮಾ ಕಡೆಯ ಹೊಸಬನೊಬ್ಬ ಎದುರುಬದುರು ಬರುವಂತೆ ಕೂರಿಸಿದಳು. ಬಾಟಲಿ ಇಟ್ಟ ರೀತಿಯನ್ನು ನಾನು ಎರಡು ಸಲ ನೋಡಿದೆ. ಹಳಬರ ಮುಂದೆ ಸುಳಿ ಬಿಯರ್ ಇತ್ತು, ಹೊಸಬರ ಮುಂದೆ ಬೆಟ್ಟದ ಬಿಯರ್. ಅಂದರೆ ಯಾರ ಕೈಯಲ್ಲೂ ಅವರ ಬಿಯರ್ ಇಲ್ಲ. ಎದುರಿನವನು ಸುರಿದರೆ ಮಾತ್ರ ನಿಮಗೆ ನಿಮ್ಮದು ಸಿಗುತ್ತದೆ. ಯಾರೂ ಯಾರ ಬಿಯರನ್ನೂ ಕುಡಿಯಬೇಕಾಗಿಲ್ಲ. ಸುರಿಯಬೇಕು, ಅಷ್ಟೇ.

ತೊಬಾರಿ ನಿರ್ದೇಶಕರು ತೆಳ್ಳಗೆ, ನೆಟ್ಟಗಿದ್ದ ಮನುಷ್ಯ. ಅವರ ಎದುರಿಗೆ ಕಾರಾಸಾವಾ ಅಜ್ಜ. ಹಾಸುನುಮಾ ಮೇಜಿನ ತುದಿಯಲ್ಲಿ ಮೊಣಕಾಲೂರಿ ಕೂತು, ಬಾಟಲಿಗಳನ್ನು ನೋಡಿ ಬಿಳಿಚಿಕೊಂಡ. ಅಕ್ಕ ತಲೆಬಾಗಿ ಸ್ವಾಗತ ಹೇಳಿ, “ಈ ಅಂಗಡೀಲಿ ಯಾರೂ ತಮ್ಮ ಲೋಟಕ್ಕೆ ತಾವೇ ಸುರ್ಕೊಳ್ಳಲ್ಲ. ದಯವಿಟ್ಟು ಶುರು ಮಾಡಿ,” ಎಂದಳು.

ಯಾರೂ ಅಲುಗಾಡಲಿಲ್ಲ. ಅಕ್ಕ ಕಾರಾಸಾವಾ ಅಜ್ಜನನ್ನು ನೋಡಿದಳು. ಆ ನೋಟ ನನಗೆ ಗೊತ್ತು. ಕಿಸುಕೆಯ ಹೆಣದ ಮುಂದೆ ಕೂತಾಗಲೂ ಅವಳು ಹಾಗೇ ನೋಡಿದ್ದಳು. ಅಜ್ಜ ದೊಡ್ಡದಾಗಿ ಉಸಿರೆಳೆದ. ಸುಳಿ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ, ತೊಬಾರಿಯವರ ಲೋಟಕ್ಕೆ ಸುರಿದ. ಒಂದು ಹನಿ ಚೆಲ್ಲಲಿಲ್ಲ. ನನಗೆ ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು.

ಈಗ ತೊಬಾರಿಯವರ ಸರದಿ. ಅವರು ತಮ್ಮ ಮುಂದಿದ್ದ ಬೆಟ್ಟದ ಬಾಟಲಿಯನ್ನು ನೋಡಿದರು. ಅವರ ಕೈಕೆಳಗಿನವರೆಲ್ಲ ಅವರನ್ನು ನೋಡುತ್ತಿದ್ದರು. ಅವರು ಕೈ ಎತ್ತಿದರು, ತೊಡೆಯ ಮೇಲೆ ಇಟ್ಟುಕೊಂಡರು.

“ಹಾಸುನುಮಾ, ನೀವು ಸುರೀರಿ.”

ಹಾಸುನುಮಾ ತಡಬಡಾಯಿಸಿ ಎದ್ದ. ಅಕ್ಕನ ಕಡ್ಡಿ ಮೇಜಿನ ಮೇಲೆ ಟಪ್ಪೆಂದಿತು.

“ಸುರಿಸ್ಕೊಂಡೋರು ಸುರೀಬೇಕು, ನಿರ್ದೇಶಕರೇ.”

ತೊಬಾರಿಯವರು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಮುಖ ಕೆಂಪಾಗಿತ್ತು, ಆದರೆ ದನಿ ಏರಿಸಲಿಲ್ಲ. “ಕ್ಷಮಿಸಿ ಅಮ್ಮಾ,” ಎಂದರು. “ನನ್ನ ಕೈಲಾಗಲ್ಲ. ನಾನು ಇಲ್ಲಿ ತೊಬಾರಿಯಾಗಿ ಬಂದಿಲ್ಲ, ಉಝುಶಿಮಾ ಆಗಿ ಬಂದಿದ್ದೀನಿ.”

ಅಕ್ಕ ಬಾಣಲೆಯ ಕಡೆ ತಿರುಗಿ ಮೀನು ಮಗುಚಿದಳು. ಕಾರಾಸಾವಾ ಅಜ್ಜ ಎದ್ದು ಹೋಗುತ್ತಾನೆಂದು ನಾನಂದುಕೊಂಡಿದ್ದೆ. ಅವನು ಹೋಗಲಿಲ್ಲ. ಖಾಲಿ ಲೋಟವನ್ನು ಮುಂದಿಟ್ಟುಕೊಂಡು, ಮೀನು ತಿನ್ನುತ್ತ, ಅತಿಥಿಗಳು ಏಳುವವರೆಗೂ ಕೂತೇ ಇದ್ದ.

ಮಾರ್ಚಿಗೆ ಕರಾರು ಮುಂದುವರಿಯಲಿಲ್ಲ. ಆ ಜಾಗ ಕಾರು ನಿಲ್ಲಿಸಲು ಬೇಕಂತೆ. ಹಾಸುನುಮಾ ಅದನ್ನು ಹೇಳಲು ಬಂದು ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟ. “ಎರಡು ಬಾಟಲಿ ಮರೆಯಲ್ಲಿ ಇಟ್ಟಿದ್ರೆ ಮುಗೀತಿತ್ತಲ್ಲಮ್ಮಾ. ನಿಮ್ಮದು ಎಂಥಾ ಹಟ!”

“ಹಟ ಅಲ್ವೋ ಹುಚ್ಚಪ್ಪಾ. ಒಬ್ಬರ ಮುಂದೆ ಇನ್ನೊಬ್ಬರನ್ನ ಮರೆಯಲ್ಲಿಟ್ರೆ ಅದು ಅಂಗಡಿ ಆಗಲ್ಲ, ಕಳ್ಳಮಾಳಿಗೆ ಆಗುತ್ತೆ,” ಎಂದು ಅವನಿಗೆ ಬಿಸಿ ಸೂಪು ಕೊಟ್ಟಳು. ಆಮೇಲೆ ಬಾಗಿಲಿಗೆ ಬಂದು ರಸ್ತೆಯಾಚೆ, ನನ್ನ ಮನೆಯ ಕಡೆ ನೋಡುತ್ತ ನಿಂತಳು.

“ಸುಗಿನೊ, ನಿನ್ನ ಗಂಡನ ಸೈಕಲ್ ಷೆಡ್ಡು ಯಾರಿಗೋಸ್ಕರ ಕಾಯ್ತಾ ನಿಂತಿದೆ?”

ನನ್ನ ಗಂಡ ಸೈಕಲ್ ರಿಪೇರಿ ಮಾಡುತ್ತಿದ್ದ. ಅವನು ಹೋದ ಮೇಲೆ ನಾನು ಷೆಡ್ಡಿನ ಬಾಗಿಲನ್ನೇ ತೆಗೆದಿರಲಿಲ್ಲ. “ತುಕ್ಕು ಹಿಡಿದ ಚಕ್ರಗಳಿವೆ,” ಎಂದೆ. “ಇಲಿ ಇವೆ. ಮಾಡು ಸೋರುತ್ತೆ.”

“ಸೋರೋ ಮಾಡು ಯಾವ ಮನೆತನದ್ದು?”

“ಯಾವ ಮನೆತನದ್ದೂ ಅಲ್ಲ. ನನ್ನದು.”

“ಅದೇ ಬೇಕಾಗಿರೋದು,” ಎಂದಳು.

ಕಂಪನಿಯ ಜಾಗದಲ್ಲಿ ಅವಳು ಕೊನೆಯ ದಿನದವರೆಗೂ ಮೀನು ಕರಿದಳು. ಮರುದಿನ ಮಧ್ಯಾಹ್ನ ಹಳಬರು ಬಂದು ಸಾಮಾನು ಹೊರತೊಡಗಿದರು. ಕಾರಾಸಾವಾ ಅಜ್ಜ ಗೋಡೆಯ ಫೋಟೋವನ್ನು ಕೂಸಿನ ಹಾಗೆ ಎದೆಗವಚಿಕೊಂಡು ರಸ್ತೆ ದಾಟಿದ. ದೊಡ್ಡ ಫ್ರಿಜ್ಜು ಮಾತ್ರ ಮುದುಕರಿಗೆ ಜಗ್ಗಲಿಲ್ಲ. ಪಾಳಿ ಮುಗಿದು ಗೇಟಿನಿಂದ ಬರುತ್ತಿದ್ದ ನಾಲ್ವರು ಹುಡುಗರು ನಿಂತು ನೋಡಿದರು. ಒಬ್ಬ ಕೋಟಿನಿಂದ ಸುಳಿ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ಅವನನ್ನು ನೋಡಿ ಇನ್ನೊಬ್ಬ. ನಾಲ್ವರೂ ಬಿಚ್ಚಿದ ಮೇಲೆ ಫ್ರಿಜ್ಜನ್ನು ಎತ್ತಿ, “ಎಲ್ಲಿಡೋಣ ಅಮ್ಮಾ?” ಎಂದರು. ಆಗ ನಾನು ಅತ್ತೆ. ಅತ್ತಿಲ್ಲವೆಂದು ಅಕ್ಕನ ಹತ್ತಿರ ವಾದ ಮಾಡಿದೆ, ಅದು ಬೇರೆ ವಿಷಯ.

ಸುಲಭವೇನೂ ಆಗಲಿಲ್ಲ. ಕಂಪನಿಯ ಕೂಟಗಳೆಲ್ಲ ನಿಲ್ದಾಣದ ಬಳಿಯ ದೊಡ್ಡ ಹೋಟೆಲಿಗೆ ಹೋದವು. ಹುಡುಗರು ಬರುವಾಗ ಕತ್ತು ತಿರುಗಿಸಿ ಹಿಂದೆ ಮುಂದೆ ನೋಡಿಕೊಂಡು ಬರುತ್ತಿದ್ದರು. ಅಕ್ಕ ಬೆಳಿಗ್ಗೆ ಬೇಗ ಎದ್ದು ಕೆರೆಯ ಮೀನುಗಾರರಿಗೆ ಊಟದ ಡಬ್ಬಿ ಕಟ್ಟಿ ಮಾರಿದಳು. ಅವಳ ಬೆರಳೆಲ್ಲ ಚಳಿಗೆ ಬಿರಿದಿರುತ್ತಿದ್ದವು. “ಸಾಕು ಬಿಡಕ್ಕಾ,” ಎಂದರೆ, “ನಿನಗೆ ಸಾಕಾಗಿದ್ರೆ ನೀನು ಮಲಕ್ಕೊ,” ಎನ್ನುತ್ತಿದ್ದಳು. ಫ್ರಿಜ್ಜಿನಲ್ಲಿ ಎಡಕ್ಕೆ ಬೆಟ್ಟ, ಬಲಕ್ಕೆ ಸುಳಿ. ಎರಡು ಲಾರಿಯವರೂ ಬರುತ್ತಿದ್ದರು. ಮೊದಮೊದಲು ಒಬ್ಬ ಹೋಗುವವರೆಗೂ ಇನ್ನೊಬ್ಬ ತಿರುವಿನಲ್ಲಿ ಕಾಯುತ್ತಿದ್ದ. ಆಮೇಲಾಮೇಲೆ ಇಬ್ಬರೂ ಒಟ್ಟಿಗೇ ಕೂತು ಚಹಾ ಕುಡಿದು ಸಿಗರೇಟು ಸೇದಿ ಹೋಗತೊಡಗಿದರು.

ಆಮೇಲೆ ಕ್ಯಾಮೆರಾದಿಂದ ರೀಲೇ ಹೋಯಿತು. ಉಝುಶಿಮಾದವರಿಗೆ ಬೇಕಾಗಿದ್ದದ್ದು ರೀಲಿನ ಬದಲು ಚಿತ್ರ ಹಿಡಿಯುವ ಎಲೆಕ್ಟ್ರಾನಿಕ್ ಚಿಪ್ ಮಾಡುವವರ ತಂಡ ಮಾತ್ರ. ಅದನ್ನು ತಮ್ಮ ಮನೆಯೊಳಗೆ ಎಳೆದುಕೊಂಡು, ಉಳಿದ ಹೊಶಿಮಿಯನ್ನು, ಡಾಕ್ಟರರು ಹೊಟ್ಟೆಯೊಳಗೆ ಇಳಿಸಿ ನೋಡುವ ಕೊಳವೆಗಳಿಗೆ ಮಸೂರ ಮಾಡುವ ಒಂದು ಸಣ್ಣ ಕಂಪನಿಗೆ ಮಾರಿದರು. ಅದಕ್ಕೆ ಬ್ಯಾಂಕೂ ಇಲ್ಲ, ಹಡಗೂ ಇಲ್ಲ, ಬಿಯರೂ ಇಲ್ಲ. ಒಂದು ಸೋಮವಾರ ನನ್ನ ಕಿಟಕಿಯಿಂದ ನೋಡಿದರೆ ಕೋಟುಗಳ ಮೇಲೆ ಏನೂ ಇರಲಿಲ್ಲ, ತೂತುಗಳಷ್ಟೇ ಇದ್ದವು.

“ತೊಬಾರಿ-ಸಾನ್ ಅವರನ್ನ ಉಝುಶಿಮಾದವರು ವಾಪಸ್ ಕರ್ಕೊಳ್ಳಲಿಲ್ಲವಂತೆ,” ಎಂದು ಹಾಸುನುಮಾ ಬಂದು ಹೇಳಿದ. “ಕುರ್ಚಿ ಮೇಜಿನ ಜೊತೆ ಅವರನ್ನೂ ಇಲ್ಲೇ ಬಿಟ್ಟುಹೋದ್ರು.”

“ಬೇಕಾಗಿತ್ತು!” ಎಂದೆ ನಾನು.

“ಬಾಯ್ಮುಚ್ಚು,” ಎಂದಳು ಅಕ್ಕ. “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅದರ ಸಂಕಟ ನಿನಗೇನು ಗೊತ್ತು.”

ಕೆರೆ ಹೆಪ್ಪುಗಟ್ಟಿದ್ದ ಒಂದು ಸಂಜೆ ಷೆಡ್ಡಿನ ಬಾಗಿಲು ಸರಿಯಿತು. ತೊಬಾರಿಯವರು. ಜೊತೆಯಲ್ಲಿ ಯಾರೂ ಇರಲಿಲ್ಲ. ಕೂದಲು ನೆರೆತಿತ್ತು. ಒಳಗೆ ಬರಬಹುದೋ ಇಲ್ಲವೋ ಎನ್ನುವ ಹಾಗೆ ಹಿಮ ಮೆಟ್ಟಿದ ಬೂಟಿನಲ್ಲೇ ನಿಂತಿದ್ದರು.

“ಬಾಗಿಲು ಹಾಕ್ಕೊಂಡು ಬನ್ನಿ, ಚಳಿ ಒಳಗೆ ಬರ್ತಿದೆ,” ಎಂದಳು ಅಕ್ಕ.

ಖಾಲಿಯಿದ್ದದ್ದು ಒಂದೇ ಜಾಗ, ಕಾರಾಸಾವಾ ಅಜ್ಜನ ಪಕ್ಕ. ಅಜ್ಜ ಒಮ್ಮೆ ನೋಡಿದ, ಮತ್ತೆ ತಟ್ಟೆಯ ಕಡೆ ತಿರುಗಿದ. ಅವನ ಮುಂದೆ ಬೆಟ್ಟದ ಬಾಟಲಿಯಿತ್ತು, ಲೋಟ ಖಾಲಿಯಾಗಿತ್ತು. ತೊಬಾರಿಯವರು ಅಂಚಿನಲ್ಲಿ ಕೂತರು.

“ಯಾವ್ದು ಕೊಡ್ಲಿ?” ಅಕ್ಕ ಫ್ರಿಜ್ಜಿನ ಬಾಗಿಲು ತೆಗೆದು ಕೇಳಿದಳು.

ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ತುಂಬ ಹೊತ್ತು ನೋಡಿದರು. ಮಕ್ಕಳು ಅಂಗಡಿ ಮುಂದೆ ನಿಂತು ಹಾಗೆ ನೋಡುತ್ತವೆ.

“ಗೊತ್ತಾಗ್ತಿಲ್ಲ ಅಮ್ಮಾ,” ಎಂದರು. “ಕೆಲಸಕ್ಕೆ ಸೇರಿದಾಗಿನಿಂದ ನನ್ನನ್ನ ಯಾರೂ ಇದನ್ನ ಕೇಳೇ ಇಲ್ಲ.”

ಅವರ ಮೇಲೆ ಇಷ್ಟು ವರ್ಷ ಕಾಪಿಟ್ಟುಕೊಂಡಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ! ಅಕ್ಕ ಸುಳಿ ಬಾಟಲಿಯನ್ನೇ ತೆಗೆದು ಮುಚ್ಚಳ ಬಿಚ್ಚಿ ಅವರ ಮುಂದಿಟ್ಟಳು. “ಅಭ್ಯಾಸ ಇರೋದೇ ಕುಡೀರಿ. ಹೊಟ್ಟೆಗೆ ಒಗ್ಗಿರುತ್ತೆ.”

ಅವರು ಬಾಟಲಿ ಎತ್ತಿ ತಮ್ಮ ಲೋಟಕ್ಕೆ ಬಗ್ಗಿಸಲು ಹೋದರು. ಒಬ್ಬಂಟಿಯಾಗಿ ಬಂದವನು ಇನ್ನೇನು ಮಾಡಿಯಾನು. ನಾನು ಅಕ್ಕನ ಕಡ್ಡಿಯ ಕಡೆ ನೋಡಿದೆ. ಅದು ಬಾಣಲೆಯಲ್ಲೇ ಇತ್ತು. ಟಪ್ಪೆಂದು ಅವರ ಕೈಗೆ ಹೊಡೆದದ್ದು ಕಾರಾಸಾವಾ ಅಜ್ಜ.

“ಈ ಅಂಗಡೀಲಿ ಯಾರೂ ತಮ್ಮ ಲೋಟಕ್ಕೆ ತಾವೇ ಸುರ್ಕೊಳ್ಳಲ್ಲ,” ಎಂದು ಬಾಟಲಿ ಕಿತ್ತುಕೊಂಡು ಎರಡೂ ಕೈಯಲ್ಲಿ ಸುರಿದ. ಆಮೇಲೆ ಕೈ ಕಟ್ಟಿ ಕೂತ.

ತೊಬಾರಿಯವರು ತಮ್ಮ ಲೋಟ ಮುಟ್ಟಲಿಲ್ಲ. ಅಜ್ಜನ ಖಾಲಿ ಲೋಟವನ್ನೇ ನೋಡುತ್ತಿದ್ದರು. ನಿಧಾನವಾಗಿ ಕೈ ಚಾಚಿ ಬೆಟ್ಟದ ಬಾಟಲಿಯನ್ನು ಎತ್ತಿಕೊಂಡರು. ಎರಡೂ ಕೈಯಲ್ಲಿ ಹಿಡಿದು ಸುರಿದರು. ನೊರೆ ಉಕ್ಕಿ ಮೇಜಿನ ಮೇಲೆಲ್ಲ ಹರಿಯಿತು.

ಅಜ್ಜ ಲೋಟ ಎತ್ತಿ ಒಂದೇ ಗುಟುಕಿಗೆ ಅರ್ಧ ಕುಡಿದು, ಮೀಸೆ ಒರೆಸಿಕೊಂಡ. “ಎಷ್ಟು ವರ್ಷ ಕಾಯಿಸಿದ್ರಿ ನಿರ್ದೇಶಕರೇ,” ಎಂದ. “ಬಿಸಿಯಾಗಿ ಹೋಗಿದೆ.”

ಮೊದಲು ನಕ್ಕವರು ತೊಬಾರಿಯವರೇ. ನಗುತ್ತ ನಗುತ್ತ ಅವರ ಕಣ್ಣಲ್ಲಿ ನೀರು ಬಂತು. ಅದನ್ನು ಯಾರೂ ನೋಡದವರ ಹಾಗೆ ಕೂತೆವು. ಅಕ್ಕ ಚೆಲ್ಲಿದ್ದನ್ನು ಒರೆಸಿ, ಕರಿದ ಮೀನಿನ ತಟ್ಟೆಯನ್ನು ಅವರಿಬ್ಬರ ನಡುವೆ ಇಟ್ಟಳು.

“ಅಳೋದು ನಗೋದು ಆಮೇಲೆ,” ಎಂದಳು. “ಮೀನು ಆರ್ತಿದೆ, ತಿನ್ರಿ.”